ಮೊಂತಿ ಫೆಸ್ತಿನ ಮೂರು ಕಾಳು

ಸೆಪ್ಟೆಂಬರ್ ಬಂತೆಂದರೆ ಅಗಾತಾಳ ಕಣ್ಣು ಗಂಡ ಲ್ಯಾನ್ಸ್‌ಲಾಟನ ಬ್ಯಾಗಿನ ಮೇಲೆ. ಕತಾರಿನಲ್ಲಿ ಅಂಚೆಯವ ಮನೆ ಬಾಗಿಲಿಗೆ ಬರುವುದಿಲ್ಲ. ಊರಿನ ಕಾಗದವೆಲ್ಲ ಲ್ಯಾನ್ಸ್‌ಲಾಟನ ಆಫೀಸಿನ ಪೆಟ್ಟಿಗೆಗೇ ಬೀಳಬೇಕು. ಮೊಂತಿ ಫೆಸ್ತಿಗೆ, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬಕ್ಕೆ, ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ಭತ್ತವನ್ನು ಶಿರ್ವದ ಮನೆಯಿಂದ ದೊಡ್ಡ ಬಾವ ಇಗ್ನೇಶಿಯಸ್ ಲಕೋಟೆಯಲ್ಲಿಟ್ಟು ಕಳಿಸುತ್ತಿದ್ದರು. ಗಂಡ, ಹೆಂಡತಿ, ಮಗಳು ಶರಲ್ ಎಂದು ತಲೆಗೊಂದರಂತೆ ಮೂರು ಕಾಳು. ಅದನ್ನು ಸುಲಿದು, ಪುಡಿ ಮಾಡಿ, ಹಾಲಿಗೆ ಹಾಕಿ ಕುಡಿದ ದಿನವೇ ನಜ್ಮಾ ಬಡಾವಣೆಯ ಆ ಎರಡು ಕೋಣೆಯ ಮನೆಯಲ್ಲಿ ಹಬ್ಬ, ಕ್ಯಾಲೆಂಡರ್ ಏನೇ ಹೇಳಲಿ. ಹನ್ನೊಂದು ವರ್ಷದಿಂದ ಅಗಾತಾ ಊರಿನ ಹಬ್ಬ ಕಂಡವಳಲ್ಲ. ಆ ಮೂರು ಕಾಳೇ ಅವಳ ಪಾಲಿನ ಊರು.

ಎರಡು ಸಾವಿರದ ನಾಲ್ಕರಲ್ಲಿ ಕಾಳಿನ ಜೊತೆ ಬಾವನ ಕಾಗದವೂ ಬಂತು. ಶರಲ್ ಹತ್ತನೇ ಕ್ಲಾಸ್ ಮುಗಿಸಿದ ಕೂಡಲೇ ಮಂಗಳೂರಿಗೆ ಕಳಿಸಿಬಿಡಿ, ಸಿಸ್ಟರ್‌ಗಳ ಹಾಸ್ಟೆಲಿಗೆ ಹೇಳಿ ಆಗಿದೆ.

ಕೇಳುವುದಿಲ್ಲ, ಹೇಳುವುದು. ಬಾವನ ದರ್ಬಾರೇ ಹಾಗೆ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅಗಾತಾಳ ಮದುವೆ ಸೀರೆಯಿಂದ ಹಿಡಿದು ಶರಲ್‌ಳ ಹೆಸರಿನವರೆಗೆ ಎಲ್ಲ ತೀರ್ಮಾನವೂ ಶಿರ್ವದಲ್ಲೇ ಆದದ್ದು. ಅವಳು ಎಲ್ಲದಕ್ಕೂ ಹೂಂ ಅಂದಿದ್ದಳು. ಆದರೆ ಇರುವ ಒಬ್ಬ ಮಗಳನ್ನೂ ಕಳಿಸಿ ಈ ಮರಳುಗಾಡಿನಲ್ಲಿ ಯಾರ ಮುಖ ನೋಡುವುದು?

ಒಳಗೆ ಶರಲ್ ಪರೀಕ್ಷೆಗೆಂದು ಅಮೆರಿಕದ ಕ್ರಾಂತಿಯನ್ನು ಬಾಯಿಪಾಠ ಮಾಡುತ್ತಿದ್ದಳು. ಕಡಲಾಚೆ ಹೋಗಿ ನೆಲೆಸಿದ ಇಂಗ್ಲಿಷರು, ಲಂಡನಿನಲ್ಲಿ ಕೂತು ಅವರ ಮೇಲೆ ತೆರಿಗೆ ಹೇರುವ ಸರಕಾರ, ಬಂದರಿನಲ್ಲಿ ನೀರಿಗೆಸೆದ ಚಹಾ.

"ಒಂದು ಚಹಾಕ್ಕೆ ಅಷ್ಟು ಗಲಾಟೆಯಾ?" ಅಗಾತಾ ಕೇಳಿದಳು.

"ಚಹಾಕ್ಕಲ್ಲ ಮಮ್ಮಿ. ಅವ್ರನ್ನ ಯಾರೂ ಕೇಳ್ಲಿಲ್ಲ, ಅದಕ್ಕೆ. ನಾವೂ ನಿಮ್ಮವ್ರೇ ಅಂತ ಕಿಂಗಿಗೆ ಲೆಟರ್ ಬರೆದ್ರು. ಅವ್ನು ತಗೊಳ್ಲೇ ಇಲ್ಲ."

ಅಗಾತಾಳೂ ಕಾಗದ ಬರೆದಳು. ಬಾವ, ಇನ್ನೆರಡು ವರ್ಷ ಹುಡುಗಿ ನಮ್ಮ ಜೊತೆಗಿರಲಿ. ಉತ್ತರ ಫೋನಿನಲ್ಲಿ ಬಂತು, ಅದೂ ಲ್ಯಾನ್ಸ್‌ಲಾಟನಿಗೆ. ಅಣ್ಣನ ಮುಂದೆ ಅವನು ಬೆಕ್ಕಿನ ಮುಂದಿನ ಇಲಿ, "ಆಯ್ತು, ಆಯ್ತು" ಎನ್ನುತ್ತಲೇ ಇದ್ದ. ಅಗಾತಾ ಫೋನು ಕಿತ್ತುಕೊಂಡಳು.

"ಬಾವ, ಶರಲ್ ಬರುವುದಿಲ್ಲ. ತಾಯಿಯನ್ನು ಒಂದು ಮಾತು ಕೇಳಬೇಕಿತ್ತು ನೀವು."

"ಹಾಗಾದರೆ ನಿಮ್ಮ ದಾರಿ ನಿಮಗೆ," ಎಂದು ಇಗ್ನೇಶಿಯಸ್ ಫೋನಿಟ್ಟರು.

ಮಗಳು ಉಳಿದಳು. ಗೆದ್ದ ಸಂತೋಷವೂ ಇತ್ತು, ಸುಳ್ಳು ಯಾಕೆ ಹೇಳಬೇಕು. ಆ ಕ್ರಿಸ್ಮಸ್ಸಿಗೆ ಶಿರ್ವದಿಂದ ವರ್ಷವೂ ಬರುವ ತಿಂಡಿಯ ಡಬ್ಬ ಬರಲಿಲ್ಲ. ಹೋಗಲಿ ಅಂದುಕೊಂಡಳು.

ಮರುವರ್ಷ ಹಬ್ಬದ ದಿನ, ಸೆಪ್ಟೆಂಬರ್ ಎಂಟು, ಕಳೆಯಿತು, ಇಪ್ಪತ್ತೂ ಕಳೆಯಿತು. ದಿನಾ ಅವಳ ಕೈ ಬ್ಯಾಗಿನ ಒಳಗೆ. "ಮಾಫಿ ಮಾರಾಯ್ತಿ, ಇವತ್ತೂ ಇಲ್ಲ," ಎಂದು ಅರಬರ 'ಇಲ್ಲ'ವನ್ನೂ ಸೇರಿಸಿ ಹೇಳುತ್ತಿದ್ದ ಲ್ಯಾನ್ಸ್‌ಲಾಟ್, ಅವಳ ಮುಖ ನೋಡದೆ.

ತಿಂಗಳ ಕೊನೆಯ ಶುಕ್ರವಾರ ಅವಳು ಹಾಲು ಕಾಯಿಸಿ ಮೂರು ಲೋಟಕ್ಕೆ ಬಗ್ಗಿಸಿದಳು. ಕೆಳಗಿನ ಅಂಗಡಿಯಲ್ಲಿ ಅಕ್ಕಿ ಮೂಟೆಗಟ್ಟಲೆ ಇತ್ತು. ಅದನ್ನು ಹಾಕಲು ಮನಸ್ಸಾಗಲಿಲ್ಲ.

"ಶರಲ್, ಆ ಅಮೆರಿಕದವರಿಗೆ ಗೆದ್ದ ಮೇಲೆ ಊರಿನ ನೆನಪು ಬರ್ಲಿಲ್ವಾ?"

"ಅದು ನಮ್ಮ ಪೋರ್ಶನ್‌ನಲ್ಲಿ ಇರ್ಲಿಲ್ಲ ಮಮ್ಮಿ."

ಅಗಾತಾ ಮಗಳ ತಲೆ ಸವರಿ ಲೋಟ ಕೊಟ್ಟಳು. ಮೂವರೂ ಬರೀ ಹಾಲು ಕುಡಿದರು.