ಹುಟ್ಟಿದ ಹೊತ್ತು

ಹಸಿರೂ ಅಲ್ಲ ನೀಲಿಯೂ ಅಲ್ಲ, ಕೆರೆಯ ಪಾಚಿ ಬಣ್ಣ, ಪರದೆಯ ತುಂಬ ಅದೊಂದೇ, ಮೂಲೆಯಲ್ಲಿ ಮೈ ಕಂಪ್ಯೂಟರ್ ಒಂದು, ಕಸದ ಡಬ್ಬಿ ಒಂದು, ಮಿಕ್ಕಿದ್ದೆಲ್ಲ ಎಲ್ಲಿ ಹೋಯಿತು, ಜಾತಕದ ಪ್ರೋಗ್ರಾಮು ಇಲ್ಲ, ಊರೂರಿನ ಹೆಸರಿಟ್ಟು ನಾನು ಸಾಲಾಗಿ ಜೋಡಿಸಿದ್ದ ಫೋಲ್ಡರುಗಳಿಲ್ಲ, ಕಿಕ್ಕೇರಿ ಇಲ್ಲ, ನಾಗಮಂಗಲ ಇಲ್ಲ, ನಿನ್ನೆ ಸಂಜೆ ನಾನು ಎದ್ದು ಹೋಗುವಾಗ ಎಲ್ಲ ಇದ್ದವು — ಇವತ್ತೇ ಆಗಬೇಕಿತ್ತೇ ಇದು, ಪಾಂಡವಪುರದ ಬೋರಯ್ಯನವರು ಮಗನ ಜಾತಕ ಹಿಡಿದು ಬರುವ ದಿನವೇ, ಮಗ ನಿಂಗರಾಜು, ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯವನು, ನನ್ನನ್ನು ನೋಡಿ ಒಪ್ಪಿದವನು, ನಾನೂ ಒಪ್ಪಿದ್ದೇನೆ, ಯಾರೂ ಕೇಳಲಿಲ್ಲ, ಆದರೂ ಒಪ್ಪಿದ್ದೇನೆ, ಉಪ್ಪಿಟ್ಟಿನ ತಟ್ಟೆ ಕೊಡುವಾಗ ಕಂಪ್ಯೂಟ್ರು ನಡ್ಸದು ನೀವೇಯಾ ಅಂದ, ಅಷ್ಟೇ, ಅನ್ನುವಾಗ ಹುಬ್ಬು ಮೇಲೆ ಹೋಯಿತು, ನಾನು ಆ ಹುಬ್ಬಿಗೆ ಒಪ್ಪಿದೆ. ಜಾತಕ ಕೂಡಿದರೆ ಮುಂದಿನ ಮಾತು ಅಂದಿದ್ದಾರೆ. ಹೆಸರುಬಲ ಕೇಳಿ ತಾಳಿ ಕಟ್ಟಿಸುತ್ತಿದ್ದ ನಮ್ಮ ಜನಕ್ಕೆ ಈಗ ಕಂಪ್ಯೂಟರೇ ಹೇಳಬೇಕು, ಕಂಪ್ಯೂಟರಿಗೆ ನಾನು ಹೇಳಿಕೊಡಬೇಕು, ಕೆ.ಆರ್.ಪೇಟೆ ಬಸ್ ನಿಲ್ದಾಣದ ಎದುರು ದೇವರಾಜು ಕಂಪ್ಯೂಟರ್ ಜಾತಕ ಕೇಂದ್ರ, ಬೋರ್ಡಿನಲ್ಲಿ ಅಣ್ಣನ ಹೆಸರು, ಕುರ್ಚಿಯಲ್ಲಿ ನಾನು.

ಆರಿಸಿ ಹಾಕಿದೆ, ಮತ್ತೆ ಅದೇ ಪಾಚಿ. ಹಿಂದಿನ ವೈರುಗಳನ್ನೆಲ್ಲ ಒತ್ತಿ ಕೂರಿಸಿದೆ, ಮತ್ತೆ ಅದೇ, ಪೇಪರಿನಲ್ಲಿ ವೈರಸ್ಸು ಅಂತ ಬರೆಯುತ್ತಾರಲ್ಲ, ಅದೇ ಇರಬೇಕು, ದಿನಾ ಊದಿನಕಡ್ಡಿ ಬೆಳಗಿ ಮಾನಿಟರಿನ ನೆತ್ತಿಗೆ ಕುಂಕುಮ ಇಡುವ ಅಣ್ಣ ಇವತ್ತು ಇನ್ನೂ ಬಂದಿಲ್ಲ, ನಂಟರನ್ನು ಕರೆತರಲು ಹೋಗಿದ್ದಾನೆ, ಬಂದವನೇ ಎದೆ ಒಡೆದುಕೊಳ್ಳುತ್ತಾನೆ ಪಾಪ — ತಾಳು, ಈ ಹೆಸರು ಕೇಳುವ ಚೌಕ, ಇದು ನಿನ್ನೆ ಇರಲಿಲ್ಲ, ಬೆಳಿಗ್ಗೆ ಬಂದ ಆತುರದಲ್ಲಿ ದಿವ್ಯ ಅಂತ ಕುಟ್ಟಿ, ಏನೋ ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಹೂಂ ಅಂದು ಒಳಗೆ ಬಂದಿದ್ದೇನೆ. ಶ್ರೀರಂಗಪಟ್ಟಣಕ್ಕೆ ಫೋನು, ರಿಪೇರಿಯ ಧರ್ಮೇಂದ್ರ, ಏನೂ ಕೆಟ್ಟಿಲ್ಲ ಕಣಕ್ಕ, ನಿನ್ನೆ ಸಂಜೆ ನಾನೇ ಬಂದು ಅಂಗ್ ಮಾಡ್ಕೊಟ್ಟೆ, ಒಬ್ಬೊಬ್ರ ಹೆಸ್ರುಗೆ ಒಂದೊಂದು, ನಿಮ್ ಹೆಸ್ರು ಹಾಕುದ್ರೆ ಖಾಲಿ, ಅಣ್ಣಂದು ಹಾಕುದ್ರೆ ಎಲ್ಲಾ ಬತ್ತದೆ, ಅಣ್ಣನೇ ಅಂದ್ರಲ್ಲ, ಒಂದೆರಡು ದಿನ ತಂಗಿ ಕೈಗೆ ಸಿಗ್ಬಾರ್ದು ಅಂತ, ನಿಮ್ಗೇಳ್ನಿಲ್ವಾ? ಹೇಳಿದ್ದಾನೆ, ಮರೆತಿದ್ದೆ ಅಂದೆ. ಯಾಕೆ ಹಾಗಂದೆ, ಹೊರಗಿನವನ ಮುಂದೆ ಮನೆಯ ಮಾನ ಮುಚ್ಚುವ ಚಾಳಿ, ಬಾಯಿಗೆ ತಾನಾಗಿ ಬರುತ್ತದೆ. ಇವತ್ತೊಂದಿನ ಬೇಗ ಹೋಗವ್ವ, ನಿಮ್ಮತ್ಗೆಗೆ ಕೈಜೋಡ್ಸು, ನಾಳೆ ನಂಟ್ರು ಬತ್ತಾವ್ರೆ ಅಂತ ನಿನ್ನೆ ನನ್ನನ್ನು ಎಬ್ಬಿಸಿ ಕಳಿಸಿದ್ದು ಇದಕ್ಕೇ.

ಅವನ ಹೆಸರು ಹಾಕಿದೆ, ಪಾಸ್‌ವರ್ಡ್ ಕೇಳಿತು. ಅತ್ತಿಗೆಯ ಹೆಸರು ರಂಜಿತ, ಅಲ್ಲ, ಮಗುವಿನ ಹೆಸರು, ಅಲ್ಲ, ಮನೆದೇವರು, ಅದೂ ಅಲ್ಲ, ಒಂದೇ ಬೆರಳಿನಲ್ಲಿ ಅಕ್ಷರ ಹುಡುಕುವವನು ಉದ್ದದ್ದೇನೂ ಇಟ್ಟಿರಲಾರ, ಸುಮ್ಮನೆ, ತಮಾಷೆಗೆ ಅನ್ನುವ ಹಾಗೆ, ಗುಬ್ಬಿ ಅಂತ ಹೊಡೆದೆ, ನನ್ನನ್ನು ಅವನು ಕರೆಯುವುದೇ ಹಾಗೆ, ಗುಬ್ಬಿ ಬಾರವ್ವ, ಗುಬ್ಬಿ ಉಂಡ್ಯಾ — ತೆರೆದುಕೊಂಡಿತು. ನನ್ನನ್ನು ಹೊರಗಿಟ್ಟು ಬೀಗ ಹಾಕುವುದಕ್ಕೂ ನನ್ನ ಹೆಸರೇ ಬೇಕಾಯಿತೇ ಅಣ್ಣ? ಎಲ್ಲ ಇದೆ, ಕಿಕ್ಕೇರಿ ಇದೆ, ನಾಗಮಂಗಲ ಇದೆ, ನನ್ನ ಜಾತಕವೂ ಇದೆ, ತೆಗೆದೆ, ಹುಟ್ಟಿದ ದಿನ ಅದೇ, ಊರು ಅದೇ, ಹೊತ್ತು ಮಾತ್ರ ಬೇರೆ, ಬೆಳಗಿನ ಆರೂ ಹತ್ತು ಇದ್ದದ್ದು ಏಳೂ ಕಾಲಾಗಿದೆ, ಲಗ್ನ ಒಂದು ಮನೆ ಮುಂದೆ ಜರುಗಿ, ಒಂಬತ್ತರಲ್ಲಿ ತಣ್ಣಗೆ ಕೂತಿದ್ದ ಕುಜ ಎಂಟಕ್ಕೆ ಬಂದಿದ್ದಾನೆ. ಹೆಣ್ಣಿಗೆ ಎಂಟರಲ್ಲಿ ಕುಜ, ಮಾಂಗಲ್ಯದ ಮನೆ, ಅಂಥ ಜಾತಕ ಪ್ರಿಂಟರಿನಿಂದ ಹೊರಗೆ ಬರುವಾಗ ಎದುರು ಕೂತ ತಾಯಂದಿರ ಮುಖ ಏನಾಗುತ್ತದೆ ಅಂತ ನಾನು ಬಲ್ಲೆ. ಯಾವ ಗಂಡಿನ ತಂದೆ ಒಪ್ಪುತ್ತಾನೆ? ಹೋದ ವರ್ಷ ನನ್ನನ್ನು ನೋಡಲು ಬಂದ ನಾಗಮಂಗಲದವರು, ಜಾತಕ ಅಣ್ಣನೇ ತೆಗೆದುಕೊಂಡು ಹೋದ, ಕೂಡ್ನಿಲ್ಲ ಕಣ್ ಗುಬ್ಬಿ ಅಂತ ಬಂದ, ತಲೆ ಸವರಿದ, ಜಿಲೇಬಿ ತಂದಿದ್ದ, ನಾನು ತಿಂದೆ. ಅಯ್ಯೋ, ತಿಂದೆನಲ್ಲ, ಚೆನ್ನಾಗಿದೆ ಅಂದೆನಲ್ಲ. ನೀನೋದ್ಮೇಲೆ ಈ ಡಬ್ಬನ ಯಾರವ್ವ ಮುಟ್ಟಾರು ಅಂತ ಆಗಾಗ ನಗುತ್ತಿದ್ದ, ನಾನೂ ನಗುತ್ತಿದ್ದೆ.

ಆರೂ ಹತ್ತು ಅಂತ ಕೊಟ್ಟವನೂ ಅವನೇ. ಅವ್ವ ಸಾಯುವವರೆಗೂ ಹೇಳುತ್ತಿದ್ದಳು, ನಮ್ಮಟ್ಟೀಲಿ ಗಡಿಯಾರ ಎಲ್ಲಿತ್ತು, ಮೇಷ್ಟ್ರು ಮನೇಲಿತ್ತು, ನೀನು ಅತ್ತೇಟ್ಗೆ ನಿಮ್ಮಣ್ಣ ಓಡ್ದ, ಎಂಟೊರ್ಸದ ಹೈದ, ಎಲ್ ಮರ್ತೋದದೋ ಅಂತ ಬದಿನ್ ಮ್ಯಾಲೆ ಆರೂ ಹತ್ತು ಆರೂ ಹತ್ತು ಅನ್ಕಂಡೇ ಓಡ್ಬಂದ, ಯಾರು ಕೂಗುದ್ರೂ ನಿಲ್ನಿಲ್ಲ. ಚಡ್ಡಿ ಜಾರುತ್ತಿತ್ತಂತೆ, ಒಂದು ಕೈಯಲ್ಲಿ ಹಿಡಿದುಕೊಂಡು, ಇಬ್ಬನಿಯಲ್ಲಿ ಕಾಲು ನೆನೆಸಿಕೊಂಡು, ಬಾಯಲ್ಲಿ ನನ್ನ ಹೊತ್ತು. ಲೋಕದಲ್ಲಿ ಇನ್ನು ಯಾರಿಗೂ ಅದು ಗೊತ್ತಿಲ್ಲ, ಅವ್ವನಿಲ್ಲ, ಮೇಷ್ಟ್ರಿಲ್ಲ, ಬದುವಿನ ಮೇಲೆ ಓಡುವ ಆ ಹುಡುಗ ಒಬ್ಬನೇ. ಏಳೂ ಕಾಲನ್ನು ಅಳಿಸಿದೆ, ಆರೂ ಹತ್ತು ಹೊಡೆದೆ, ಪ್ರಿಂಟ್ ಕೊಟ್ಟೆ, ಪ್ರಿಂಟರು ಕಿರ್ ಕಿರ್ ಅನ್ನುತ್ತಿರುವಾಗಲೇ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು.

ಬನ್ನಿ ಬನ್ನಿ, ಕುಂತ್ಕಳಿ ಬೋರಯ್ಯಣ್ಣ, ಫ್ಯಾನ್ ಹಾಕವ್ವ — ಅಣ್ಣನ ಕಣ್ಣು ಪರದೆಯ ಮೇಲೆ, ಅಲ್ಲಿ ಪಾಚಿ ಇಲ್ಲ, ನಾನಿದ್ದೇನೆ, ನನ್ನ ಒಂಬತ್ತರ ಕುಜ ಇದ್ದಾನೆ, ಅಣ್ಣ ನೋಡಿದ, ಅವನಿಗೆ ಗೊತ್ತಾಯಿತು, ನನಗೆ ಗೊತ್ತಾಗಿದೆ ಅಂತ ಅವನಿಗೆ ಗೊತ್ತಾಯಿತು. ಬಿಳಿ ಮೀಸೆಯ ಬೋರಯ್ಯನವರು ಹಾಳೆಯನ್ನು ದೂರ ಹಿಡಿದು, ಉಟ್ಟಿದ್ ಒತ್ತು ಸರ್ಯಾಗ್ ಗೊತ್ತಾ ಮಗ, ಒತ್ತೇ ಮುಖ್ಯ ಅಂತಾರೆ ಅಂದರು. ಬಾಯಿ ತೆರೆದೆ. ಎಲ್ಲವನ್ನೂ ಹೇಳಿಬಿಡಬಹುದಿತ್ತು, ಹೇಳಲಿಲ್ಲ, ಅವನಿಗೊಂದು ದಾರಿ ಬಿಡೋಣ ಅನ್ನಿಸಿತು, ಇನ್ನೂ ನಂಬಿಕೆ ಇತ್ತು ನನಗೆ, ಥೂ, ಇತ್ತು. ಅಣ್ಣಂಗೇ ಗೊತ್ತು ಅಂದೆ, ಅಣ್ಣ, ನಾನು ಉಟ್ಟಿದ್ದು ಎಷ್ಟೊತ್ಗೆ, ನೀನೇ ಏಳ್ಬುಡು. ಅವನು ನನ್ನನ್ನೇ ನೋಡಿದ, ಕಣ್ಣು ತಪ್ಪಿಸಲಿಲ್ಲ, ದನಿಯೂ ನಡುಗಲಿಲ್ಲ, ಏಳೂ ಕಾಲು ಕಣವ್ವ, ಬೆರಳ್ ತಪ್ಪಿ ಏನೋ ಹೊಡ್ದಿದ್ದೀಯ, ನಾನೇ ಅಲ್ವಾ ಓಡೋಗಿ ಗಡಿಯಾರ ನೋಡ್ಕಬಂದಿದ್ದು. ಒಡಹುಟ್ದೋನೇ ನೋಡವ್ನೆ ಅಂದ್ಮೇಲೆ ಇನ್ನೇನು, ಅದ್ನೇ ಹಾಕ್ ಮಗ ಅಂದರು ಬೋರಯ್ಯನವರು, ಮೆತ್ತಗೆ. ಬೆರಳು ಏಳರ ಮೇಲಿದೆ, ಒತ್ತಿಲ್ಲ, ಒತ್ತಬೇಕು, ಇಬ್ಬರೂ ಕಾಯುತ್ತಿದ್ದಾರೆ, ಬದುವಿನ ಮೇಲೆ ಹುಡುಗ ಬರುತ್ತಿದ್ದಾನೆ, ಒಂದು ಕೈಯಲ್ಲಿ ಚಡ್ಡಿ ಹಿಡಿದುಕೊಂಡು, ಇಬ್ಬನಿ ತುಳಿಯುತ್ತ, ನಾನು ಕೂಗುತ್ತೇನೆ, ನಿಲ್ಲುವುದಿಲ್ಲ, ಅವನ ತುಟಿ ಆಡುತ್ತಿದೆ, ಏಳೂ ಕಾಲು, ಏಳೂ ಕಾಲು, ಏಳೂ ಕಾಲು