ಗೂನು ದೋಣಿ ಕಾಗದಕ್ಕೆ ಬಂದದ್ದು

ಅಮ್ಮ ಬಗ್ಗದೆ ಅಡುಗೆ ಮಾಡಲಿ ಎಂದು ಅಪ್ಪ ತನ್ನ ದೋಣಿಯ ಅಡುಗೆಕೋಣೆಗೆ ಎತ್ತರದ ಛಾವಣಿ ಕಟ್ಟಿದ್ದ. ದಡದವರೆಲ್ಲ ಅದನ್ನು ಗೂನು ದೋಣಿ ಎಂದು ನಗುತ್ತಿದ್ದರು. ಗಾಳಿ ಎದ್ದ ಒಂದು ದಿನ ಅಪ್ಪ ದೋಣಿಯ ಸಮೇತ ಕಾಣೆಯಾದ. ಒಂದು ಹಲಗೆಯೂ ತೇಲಿ ಬರಲಿಲ್ಲ. ದೋಣಿ ಮಾರಿ ಸರೋವರದ ಆಚೆ ಇನ್ನೊಂದು ಸಂಸಾರ ಹೂಡಿದ್ದಾನೆ ಎಂದು ಜನ ನಾಲಿಗೆ ಹರಿಬಿಟ್ಟರು. ಅಮ್ಮನ ತಲೆಯಲ್ಲೂ ಅದೇ ಹುಳ ಕೊರೆಯುತ್ತಿತ್ತು.

ನೀರಿನ ತಳಕ್ಕೆ ಶಬ್ದ ಬಿಟ್ಟು, ಅಲ್ಲಿರುವುದನ್ನು ಪರದೆಯಲ್ಲಿ ತೋರಿಸುವ ಯಂತ್ರವೊಂದನ್ನು ಅಪ್ಪನ ದೋಣಿ ಹುಡುಕಲೆಂದು ನಾನೂ ತಮ್ಮನೂ ನಮ್ಮ ದೋಣಿಗೆ ಕಟ್ಟಿಕೊಂಡೆವು. ಅಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಳು.

"ಗಾಜಿನ ಮೇಲೆ ಓಡಿಹೋಗೋದನ್ನ ನಾನು ನಂಬಲ್ಲ. ನನ್ನ ಕೈಗೆ ಕೊಡಿ."

ಹಾಗಾಗಿ ಪ್ರಿಂಟರ್ ಬೇಕಾಯಿತು. ತಮ್ಮ ಎಲೆಕ್ಟ್ರಿಷಿಯನ್, ಆದರೂ ಮೊದಲು ಹೊತ್ತು ತಂದದ್ದು ಕಚೇರಿಯ ಲೇಸರ್ ಪ್ರಿಂಟರ್. ಅದು ಬಿಸಿಯಾಗತೊಡಗಿದ್ದೇ ತಡ, ಇನ್ವರ್ಟರ್ ಕಿರುಚಿಕೊಂಡು ದೋಣಿಯ ಕರೆಂಟೆಲ್ಲ ಹೋಯಿತು. ಆಮೇಲೆ ಶಾಯಿಯದ್ದು ತಂದ. ಅದು ಅಲೆಗೆ ಓಲಾಡಿ ನನ್ನ ಹೊಸ ಅಂಗಿಗೆ ಬಣ್ಣ ಬಳಿಯಿತು. ಕೊನೆಗೆ ಅಂಗಡಿಯಲ್ಲಿ ಬಿಲ್ ಹೊಡೆಯುವಂಥ ಪುಟ್ಟದೊಂದು ಬಂತು. ಶಾಯಿ ಬೇಡ, ಕಾಗದವನ್ನೇ ಕಾಯಿಸಿ ಕಪ್ಪು ಮಾಡುತ್ತದೆ, ಬ್ಯಾಟರಿಯಿಂದಲೇ ನೇರ ನಡೆಯುತ್ತದೆ. ಅದಕ್ಕೆಂದೇ ತಮ್ಮ ಬೇರೆ ಬ್ಯಾಟರಿ ಇಟ್ಟು, ದಪ್ಪ ತಂತಿ ಎಳೆದು, ಫ್ಯೂಸ್ ಹಾಕಿದ.

ಅಮ್ಮನನ್ನೂ ಕೂರಿಸಿಕೊಂಡು ಹೊರಟೆವು. ಸರೋವರದ ನಡುವೆ ಪರದೆಯಲ್ಲಿ ಏನೋ ಸುಳಿಯಿತು. ಪ್ರಿಂಟರ್ ಗುರ್ ಎಂದಿತು. ತಮ್ಮ ಚೀಟಿ ಹರಿದವನೇ ಎಂಜಿನ್ ಮುಚ್ಚಳದ ಮೇಲೆ ಒಣಗಲು ಇಟ್ಟ! ಹಗ್ಗ, ಟವೆಲು, ಕಾಲುಚೀಲ, ನಮ್ಮ ದೋಣಿಯಲ್ಲಿ ಎಲ್ಲಕ್ಕೂ ಅದೇ ಜಾಗ. ಅಮ್ಮನನ್ನು ಕರೆಯುವಷ್ಟರಲ್ಲಿ ಕಾಗದ ಪೂರಾ ಕಪ್ಪಾಗಿತ್ತು.

"ಕಾಯಿಸಿದ್ರೆ ಕಪ್ಪಾಗುತ್ತೆ ಅಂತ ನೀನೇ ಅಲ್ವೇನೋ ಹೇಳಿದ್ದು!" ಎಂದು ಹರಿಹಾಯ್ದೆ.

ಅಮ್ಮ ಚೀಟಿಯನ್ನು ತಿರುವಿ ನೋಡಿದಳು.

"ಇಷ್ಟೇನಾ?"

ದೋಣಿ ತಿರುಗಿಸಿ ಅದೇ ಜಾಗದ ಮೇಲೆ ನಿಧಾನವಾಗಿ ನಡೆಸಿದೆ. ಈ ಸಲ ಅಮ್ಮನೇ ಪ್ರಿಂಟರಿನ ಬಾಯಿಗೆ ಅಂಗೈ ಒಡ್ಡಿ ಕೂತಳು. ಮೊದಲು ಬರೀ ಬೂದು ಮಣ್ಣು ಬಂತು. ಆಮೇಲೆ ಒಂದು ಮೂತಿ, ಒಂದು ಮಗ್ಗುಲು. ಪಕ್ಕದಲ್ಲಿ, ಶಬ್ದ ತಾಗದ ಕಡೆ ಬಿದ್ದ ಅದರ ನೆರಳು, ನೆರಳಿನ ಬೆನ್ನ ಮೇಲೆ ಗೂನು.

ಬಿಸಿಲೇ ಇಳಿಯದ ಆಳದಿಂದ, ಒಂದು ಹನಿ ಶಾಯಿಯೂ ಇಲ್ಲದೆ, ಅಪ್ಪ ಕಟ್ಟಿದ ಅಡುಗೆಕೋಣೆ ಅಮ್ಮನ ಅಂಗೈಗೆ ಬರುತ್ತಿತ್ತು.

"ಬೆಚ್ಚಗಿದೆ," ಎಂದಳು ಅಮ್ಮ. ಚೀಟಿ ಹರಿದುಕೊಂಡು ಕೇಳಿದಳು. "ನಮ್ಮ ದಡ ಯಾವ ಕಡೆ?"

ತಮ್ಮ ದಿಕ್ಸೂಚಿ ನೋಡಿ, ಅವಳ ಕೈಯಲ್ಲೇ ಚೀಟಿಯನ್ನು ತಿರುಗಿಸಿಟ್ಟ. ದೋಣಿಯ ಮೂತಿ ನಮ್ಮ ಮನೆಯ ಕಡೆಗಿತ್ತು.

"ಮುಳುಗೋವಾಗ ದೋಣಿ ತಿರುಗ್ಬೋ..." ಎಂದು ಅವನು ಶುರುಮಾಡಿದ. ಕಾಲು ತುಳಿದೆ, ಬಾಯಿ ಮುಚ್ಚಿದ.

"ಮನೆಗೇ ಬರ್ತಿದ್ರು," ಎಂದಳು ಅಮ್ಮ. ಎಂಜಿನ್ನಿಗೆ ಬೆನ್ನು ಮಾಡಿ, ಚೀಟಿಗೆ ಶಾಖ ತಾಗದಂತೆ ದಡ ಮುಟ್ಟುವವರೆಗೂ ಹಾಗೇ ಕೂತಿದ್ದಳು.