ಬ್ಲೇಡಿನ ನೇರ

೨೦೨೪ರ ಫೆಬ್ರವರಿ ೧೩, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಹೊಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಹೊರಗಿನ ಸದ್ದು ಬಾರದಂತೆ ಗೋಡೆಗೆಲ್ಲ ಸ್ಪಂಜು ಹೊದಿಸಿದ ಪುಟ್ಟ ಕೋಣೆಯೊಳಗೆ, ವನಿತಾ ಒಬ್ಬ ಮನುಷ್ಯನ ಸತ್ತ ಕಿವಿಯಿಂದ ಬರುತ್ತಿದ್ದ ದನಿಯನ್ನು ಮೊದಲ ಸಲ ಅಳೆದಳು.

ಆ ಮನುಷ್ಯ ತಿಮ್ಮರಾಜು, ಬೇರಿಕೆ ಕಡೆಯವನು. ಸೂಳಗಿರಿ ಹತ್ತಿರದ ಗ್ರಾನೈಟ್ ಕಾರ್ಖಾನೆಯೊಂದರಲ್ಲಿ ಅರ್ಧ ಆಯಸ್ಸು ದುಂಡು ಬ್ಲೇಡಿನ ಯಂತ್ರದಲ್ಲಿ ಕಲ್ಲು ಕೊಯ್ದಿದ್ದ. ಅದು ಮುಚ್ಚಿದ ಮೇಲೆ ಮೂಕಂಡಪಲ್ಲಿಯ ಒಂದು ಗೋದಾಮಿನಲ್ಲಿ ಕಾವಲಿಗೆ ಸೇರಿಕೊಂಡಿದ್ದ. ಕಿವಿಯಲ್ಲಿ ಸದಾ ಗುಂಯ್‌ಗುಡುವ ಕಾರ್ಮಿಕರ ಬಗ್ಗೆ ಆಸ್ಪತ್ರೆ ಅಧ್ಯಯನ ನಡೆಸುತ್ತಿದೆ ಎಂದು ಕೇಳಿ ಹೆಂಡತಿ ಚಿಕ್ಕತಾಯಮ್ಮ ಅವನನ್ನು ಕರೆತಂದಿದ್ದಳು. ಶ್ರವಣ ಪರೀಕ್ಷೆ ವನಿತಾಳ ಕೆಲಸ. ತಿಮ್ಮರಾಜುವಿನ ಎಡಗಿವಿಗೆ ಎಷ್ಟು ಜೋರಾಗಿ ಸದ್ದು ಕೊಟ್ಟರೂ ಕೇಳಲಿಲ್ಲ. ಬಲಗಿವಿ ಮಾತ್ರ ಇಪ್ಪತ್ತು ಡೆಸಿಬೆಲ್‌ನ ಸಣ್ಣ ಸದ್ದನ್ನೂ ಹಿಡಿಯುತ್ತಿತ್ತು.

“ಮಿಷನ್ ಹತ್ರ ಕಿವಿಗೆ ಏನೂ ಹಾಕ್ಕೊಳ್ತಿರ್ಲಿಲ್ವಾ?” ಎಂದು ವನಿತಾ ಕೇಳಿದಳು.

“ಬಲಗಡೆಗೆ ಹತ್ತಿ ತುರುಕ್ಕೊತಿದ್ದೆ ಮೇಡಮ್. ಎಡಗಡೇದು ಬ್ಲೇಡ್‌ಗೆ ಬಿಟ್ಬುಟ್ಟಿದ್ದೆ. ಒಡೆಯೋಕೆ ಮುಂಚೆ ಬ್ಲೇಡು ದನಿ ಏರಿಸ್ತದೆ. ಅದು ಕೇಳಿಸ್ದಿದ್ರೆ ತಲೆ ಉಳಿಯಲ್ಲ.”

“ಬ್ಲೇಡ್ ಕೂಗಿದ್ರೆ ಕೇಳಿಸ್ತಿತ್ತಂತೆ. ನಾನು ಕೂಗಿದ್ರೆ ಬಲಗಿವೀನೂ ಕೇಳಲ್ಲ,” ಎಂದಳು ಚಿಕ್ಕತಾಯಮ್ಮ.

ತಿಮ್ಮರಾಜು ನಕ್ಕ. ವನಿತಾ ಕಡ್ಡಿಯಷ್ಟು ಸಣ್ಣ ಮೈಕನ್ನು ಅವನ ಎಡಗಿವಿಯೊಳಗಿಟ್ಟಳು. ಒಳ್ಳೆಯ ಕಿವಿ ಸದ್ದು ಕೇಳುವುದಷ್ಟೇ ಅಲ್ಲ, ತಾನೂ ಬಹಳ ಸಣ್ಣಗೆ ಸದ್ದು ಹೊರಡಿಸುತ್ತದೆ. ಅದು ಒಳಗಿವಿಯ ಜೀವಕೋಶಗಳ ಕೆಲಸ. ಆ ಕೋಶಗಳು ಸತ್ತ ಕಿವಿ ಮೌನವಾಗಿರಬೇಕು. ಆದರೆ ಪರದೆಯ ಮೇಲೆ ಒಂದು ಗೆರೆ ನೆಟ್ಟಗೆ ಎದ್ದು ನಿಂತಿತ್ತು. ದನಿಯ ಶ್ರುತಿ ೨,೧೪೦ ಹರ್ಟ್ಸ್.

ವನಿತಾ ಮೈಕು ಬದಲಿಸಿದಳು. ಗೆರೆ ಹೋಗಲಿಲ್ಲ. ತನ್ನ ಕಿವಿಯಲ್ಲಿಟ್ಟು ನೋಡಿದಳು, ಅಂಥದ್ದೇನೂ ಇರಲಿಲ್ಲ. ಅಧ್ಯಯನದ ಹೊಣೆ ಹೊತ್ತಿದ್ದ ಡಾಕ್ಟರ್ ಮುನೀಂದ್ರ ಬಂದು ತಮ್ಮ ಕಿವಿಯನ್ನೂ ಒಡ್ಡಿದರು. “ನನ್ನ ಕಿವೀನೂ ಹಾಡಿದ್ರೆ ಹೇಳಮ್ಮ, ಆರ್ಕೆಸ್ಟ್ರಾ ಸೇರ್ಕೊಳ್ತೀನಿ,” ಎಂದರು. ಅವರ ಕಿವಿ ಹಾಡಲಿಲ್ಲ.

ಮಾರ್ಚ್‌ನಲ್ಲಿ ತಿಮ್ಮರಾಜು ಮತ್ತೆ ಬಂದಾಗ ಅವನ ಎಡಗಿವಿಯ ದನಿ ೨,೩೧೦ಕ್ಕೆ ಏರಿತ್ತು. ಅಂದು ಅವನು ಪರೀಕ್ಷೆಗೆ ಕೂತವನೇ, “ಆ ಕುರ್ಚಿ ಒಸಿ ಹಿಂದಕ್ಕೆ ಹಾಕ್ಕೊಳ್ಳಿ ಮೇಡಮ್. ನನ್ನ ಎಡಗಿವಿ ನೇರಕ್ಕೆ ಕೂತಿದ್ದೀರ,” ಎಂದ.

“ಕೂತ್ರೆ ಏನಾಗತ್ತೆ?”

“ಬ್ಲೇಡಿನ ನೇರಕ್ಕೆ ಯಾರೂ ನಿಲ್ಲೋ ಹಂಗಿಲ್ಲ. ಹೊಸಬ ಬಂದ್ರೆ ಕೆಲಸಕ್ಕಿಂತ ಮುಂಚೆ ನಾವು ಅದನ್ನೇ ತೋರಿಸ್ತಿದ್ದಿದ್ದು. ನೆಲದ ಮ್ಯಾಲೆ ಸುಣ್ಣದ ಗೆರೆ ಎಳೆದಿರ್ತಿದ್ವಿ. ಕಸ ಗುಡಿಸೋರೂ ಅದನ್ನ ತುಳೀತಿರ್ಲಿಲ್ಲ. ಆಯುಧಪೂಜೆ ದಿನ ಮಿಷನ್ ನಿಂತಿದ್ರೂ ಪಕ್ಕದಾಗೆ ನಿಂತು ಕೈ ಚಾಚಿ ಕುಂಕುಮ ಇಡ್ತಿದ್ವಿ.”

ವನಿತಾ ಕುರ್ಚಿ ಸರಿಸಿದಳು. ಹಟ ಮಾಡಲು ಕಾರಣವಿರಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

“ಬಸ್ಸಾಗೂ ಹಿಂಗೇ,” ಎಂದಳು ಚಿಕ್ಕತಾಯಮ್ಮ. “ಎಡಗಡೆ ಕಿಟಕಿ ಸೀಟೇ ಬೇಕು. ಸಿಗದಿದ್ರೆ ಕೃಷ್ಣಗಿರಿ ತನಕ ನಿಂತೇ ಬರ್ತಾರೆ. ಮನೇಲಿ ಆ ಕಿವಿ ಗೋಡೆ ಕಡೆ ಮಾಡಿ ಮಲಗ್ತಾರೆ, ನಾನು ಬಲಗಡೆ.”

ಏಪ್ರಿಲ್‌ನಲ್ಲಿ ೨,೪೬೦. ವನಿತಾ ಅಧ್ಯಯನದ ಕ್ರಮದಲ್ಲಿ ಇಲ್ಲದ್ದೊಂದನ್ನು ಮಾಡಿದಳು. ಬಲಗಿವಿಗೆ ಹೆಡ್‌ಫೋನ್ ಹಾಕಿ, ದನಿಯ ಶ್ರುತಿ ಏರಿಸಿ ಇಳಿಸುವ ಗುಂಡಿಯನ್ನು ತಿಮ್ಮರಾಜುವಿನ ಕೈಗೇ ಕೊಟ್ಟು, “ಬ್ಲೇಡು ಎಲ್ಲಿಗೆ ಏರಿದ್ರೆ ಒಡೆಯತ್ತೆ, ತೋರ್ಸಿ,” ಎಂದಳು. ಅವನು ಕಣ್ಣು ಮುಚ್ಚಿ ನಿಧಾನವಾಗಿ ತಿರುಗಿಸುತ್ತ ಹೋದ. ಒಂದು ಕಡೆ ಕೈ ಕಿತ್ತುಕೊಂಡು ಕುರ್ಚಿಯಿಂದ ಪಕ್ಕಕ್ಕೆ ಹಾರಿದ. ಹೆಡ್‌ಫೋನಿನ ವೈರು ಬಿಗಿದು ಯಂತ್ರ ಮೇಜಿನ ಅಂಚಿಗೆ ಬಂತು.

ಯಂತ್ರದಲ್ಲಿ ೨,೬೦೦ ಎಂದಿತ್ತು.

ಆ ದಿನ ಹೊರಡುವಾಗ ಚಿಕ್ಕತಾಯಮ್ಮ ವನಿತಾಳನ್ನು ಬಾಗಿಲ ಬಳಿಗೆ ಕರೆದಳು. “ಆ ಕಿವಿ ಏನಾರ ಮಾಡ್ಕೊಳ್ಲಿ ಕಣಮ್ಮ. ಈ ಬಲಗಿವಿ ಒಂದು ಉಳಿದ್ರೆ ಸಾಕು. ಅದೂ ಹೋದ್ರೆ ಗೇಟಾಗೆ ಯಾರು ಇಟ್ಕೊಳ್ತಾರೆ? ಮಗಳು ಫೋನ್ ಮಾಡಿ ಮೊಮ್ಮಗು ಕೈಗೆ ಕೊಡ್ತಾಳೆ, ಅದು ತಾತಾ ಅಂತದೆ. ಇವ್ರು ಅದನ್ನ ಕೇಳೋಕೆ ಊಟ ಬಿಟ್ಟು ಎದ್ದು ಹೋಗ್ತಾರೆ.”

ವನಿತಾ ಡಾಕ್ಟರ್ ಬಳಿ ಹೋದಳು. ಮುನೀಂದ್ರ ಈ ಸಲ ತಮಾಷೆ ಮಾಡಲಿಲ್ಲ. “ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ಬಲಗಿವಿ ಗಟ್ಟಿಯಾಗಿದೆ. ಕೇಳದ ಕಿವಿಗೆ ಏನಂತ ಔಷಧ ಬರೀಲಿ? ಮುಂದಿನ ತಿಂಗಳು ಅಳೆದು ನೋಡೋಣ,” ಎಂದರು. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ವನಿತಾಳಿಗೆ ಆಗಲಿಲ್ಲ.

ಮೇ ತಿಂಗಳ ಭೇಟಿಯಲ್ಲಿ ಮೊದಲು ಬಲಗಿವಿಯನ್ನು ನೋಡಿದಳು. ಎಂದಿನಂತೆ ಇಪ್ಪತ್ತು ಡೆಸಿಬೆಲ್. ಆಮೇಲೆ ಎಡಗಿವಿಗೆ ಮೈಕು ಇಟ್ಟಳು. ೨,೫೭೦. ಇಷ್ಟು ದಿನ ತಿಂಗಳಿಗೊಮ್ಮೆ ಕಾಣುತ್ತಿದ್ದ ಏರಿಕೆ ಈಗ ಕಣ್ಣೆದುರೇ ನಡೆಯುತ್ತಿತ್ತು. ೨,೫೭೪. ೨,೫೭೯.

“ಇವತ್ತು ಒಡೀತದೆ,” ಎಂದ ತಿಮ್ಮರಾಜು. ಅವನ ಮುಖದಲ್ಲಿ ಗಾಬರಿಯಿರಲಿಲ್ಲ. “ಒಡೆದುಹೋಗ್ಲಿ ಬಿಡಿ ಮೇಡಮ್, ನೆಮ್ಮದಿ. ಆ ಕಡೆ ಯಾರೂ ಇಲ್ವಲ್ಲ?”

ಆ ಕಡೆ ಯಾರೂ ಇರಲಿಲ್ಲ. ಬರೀ ಸ್ಪಂಜಿನ ಗೋಡೆ. ವನಿತಾಳ ಕುರ್ಚಿ ಹಿಂದಿತ್ತು. ಚಿಕ್ಕತಾಯಮ್ಮ ಎಂದಿನಂತೆ ಅವನ ಬಲಕ್ಕೆ ಕೂತಿದ್ದಳು. ವನಿತಾಳ ಕಣ್ಣು ಗೋಡೆಯಿಂದ ಎಡಗಿವಿಗೆ ಬಂತು. ಅಲ್ಲಿಂದ ಅವನ ತಲೆಯನ್ನು ಹಾದು ಬಲಗಿವಿಗೆ ಬಂತು, ಆಮೇಲೆ ಚಿಕ್ಕತಾಯಮ್ಮನ ಮುಖಕ್ಕೆ. ಎಲ್ಲವೂ ಒಂದೇ ನೇರದಲ್ಲಿದ್ದವು.

“ಅಣ್ಣ, ಆ ಸುಣ್ಣದ ಗೆರೆ ಬ್ಲೇಡಿನ ಯಾವ ಕಡೆ ಎಳೀತಿದ್ರಿ?”

“ಮುಂದೆ.” ಅವನು ಬೆರಳಿಂದ ಗಾಳಿಯಲ್ಲಿ ಗೆರೆ ಎಳೆದು ನೋಡಿದ. “ಹಿಂದೇನೂ ಎಳೀತಿದ್ವಿ. ಚೂರು ಎರಡೂ ಕಡೆಗೆ ಹಾರ್ತಿತ್ತು.”

ಹಾಗೆಂದವನ ಬಲಗೈ ತಾನಾಗಿ ಬಲಗಿವಿಯ ಮೇಲೆ ಹೋಗಿ ಕೂತಿತು. ಎಡಗೈ ಬೀಸಿ, “ಏಳೇ, ಆಚೆಗೋಗು,” ಎಂದ ಹೆಂಡತಿಗೆ. ಚಿಕ್ಕತಾಯಮ್ಮ ಏನೆಂದು ಕೇಳುತ್ತಲೇ ಎದ್ದು ವನಿತಾಳ ಪಕ್ಕಕ್ಕೆ ಬಂದಳು. ವನಿತಾ ಮೈಕು ಕೀಳಲು ಕೈ ಚಾಚಿದಳು. ಕಿತ್ತರೆ ಏನಾದರೂ ನಿಲ್ಲುತ್ತದೆಯೆಂದು ಅವಳ ಓದು ಹೇಳುತ್ತಿರಲಿಲ್ಲ, ಕೈ ಮಾತ್ರ ಹೋಯಿತು. ಬೆರಳು ವೈರ್‌ಗೆ ತಾಕುವಾಗ ಪರದೆಯ ಗೆರೆ ೨,೬೦೦ ಮುಟ್ಟಿ ಬಿದ್ದುಹೋಯಿತು.

ಯಾವ ಸದ್ದೂ ಆಗಲಿಲ್ಲ. ತಿಮ್ಮರಾಜುವಿನ ತಲೆ ಬಲಕ್ಕೆ ಒಂದಿಷ್ಟು ವಾಲಿ ನೆಟ್ಟಗಾಯಿತು. ಎಡಗಿವಿಯ ಮೈಕಿನಲ್ಲಿ ಈಗ ಏನೂ ಇರಲಿಲ್ಲ.

“ನಿಂತೋಯ್ತು,” ಎಂದ ಅವನು ನಗುತ್ತ. ಆ ಕೋಣೆಗೆ ಬೇಕಾದ್ದಕ್ಕಿಂತ ಬಹಳ ಜೋರಾಗಿ ಹೇಳಿದ.

“ಹಂಗ್ಯಾಕ್ ಕಿರಚ್ತೀರಾ?” ಎಂದಳು ಹಿಂದೆ ನಿಂತಿದ್ದ ಚಿಕ್ಕತಾಯಮ್ಮ. ಅವನು ತಿರುಗಲಿಲ್ಲ. “ಏನ್ರೀ,” ಎಂದಳು. ಅವನು ಗೋಡೆ ನೋಡಿಕೊಂಡು ನಗುತ್ತಲೇ ಇದ್ದ.

ವನಿತಾ ಅವನ ಕೈಯನ್ನು ಕಿವಿಯ ಮೇಲಿಂದ ಮೆಲ್ಲಗೆ ಎತ್ತಿ ಹೆಡ್‌ಫೋನ್ ಹಾಕಿದಳು. ಇಪ್ಪತ್ತರಿಂದ ಶುರುಮಾಡಿ ಸದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಹೋದಳು. ಎಷ್ಟೋ ಹೊತ್ತಿನ ಮೇಲೆ ಅವನು ಅನುಮಾನಿಸುತ್ತ ಒಂದು ಬೆರಳೆತ್ತಿದ. ಮತ್ತೊಮ್ಮೆ ಕೊಟ್ಟು ನೋಡಿದಳು, ಅಲ್ಲೇ ಎತ್ತಿದ.

ಬಲಗಿವಿ, ತೊಂಬತ್ತೈದು ಡೆಸಿಬೆಲ್.